ಜೋಪಾನರಾಯರ ಕೋಲು

ಮಾಟುಂಗವಾಗಲಿ, ಮುಲುಂಡಾಗಲಿ, ಡೊಂಬಿವಲಿಯಾಗಲಿ, ಮುಂಬಯಿಯಲ್ಲಿ ನಾಲ್ಕು ಕನ್ನಡ ಮನೆಗಳಿರುವ ಯಾವ ಸೊಸೈಟಿಗೆ ಹೋದರೂ ಒಬ್ಬ ಜೋಪಾನರಾಯರು ಸಿಕ್ಕೇ ಸಿಗುತ್ತಾರೆ. ಅಸಲು ಹೆಸರು ಬೇರೆ ಇರುತ್ತದೆ. ಅದನ್ನು ಕೆಳಗಿನ ಲೆಟರ್ ಬಾಕ್ಸಿನ ಮೇಲೆ ಬರೆಸಿ, ಅಳಿಸಿಹೋಗದಿರಲೆಂದು ಸೆಲ್ಲೋಟೇಪು ಅಂಟಿಸಿ, ಆ ಟೇಪು ಹಳದಿ ತಿರುಗಿ, ಈಗ ಯಾರಿಗೂ ಓದಲು ಬರುವುದಿಲ್ಲ. ಹೆಸರು ಮಾತ್ರ ಒಳಗೆ ಭದ್ರವಾಗಿದೆ.

ನಮ್ಮ ಡೊಂಬಿವಲಿಯ ಜೋಪಾನರಾಯರು ಬ್ಯಾಂಕಿನಿಂದ ರಿಟೈರಾದವರು. ಅವರ ಮನೆಯಲ್ಲಿ ಬರಿಮೈಯಲ್ಲಿರುವ ವಸ್ತು ಒಂದೂ ಇಲ್ಲ. ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ರಬ್ಬರ್ ಬ್ಯಾಂಡು. ಫ್ರಿಜ್ಜಿನ ಹಿಡಿಕೆಗೆ ಹೂವಿನ ಬಟ್ಟೆಯ ತೋಳು. ಮಿಕ್ಸಿಗೆ ಹಳೆ ಸೀರೆಯ ಅಂಗಿ. ಸೋಫಾ ಅಂಗಡಿಯಿಂದ ಬಂದಾಗ ಇದ್ದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇದೆ. ಮೇ ತಿಂಗಳಲ್ಲಿ ಕೂತವರು ಎದ್ದರೆ ಅದೂ ಸ್ವಲ್ಪ ದೂರ ಬೀಳ್ಕೊಡಲು ಬರುತ್ತದೆ. ದೇವಸ್ಥಾನಕ್ಕೆ ಹೋದರೆ ಒಂದು ಚಪ್ಪಲಿಯನ್ನು ಈ ಮೂಲೆಯಲ್ಲಿ, ಇನ್ನೊಂದನ್ನು ಆ ಮೂಲೆಯಲ್ಲಿ ಬಿಡುತ್ತಾರೆ. ಜೋಡಿ ಹುಡುಕುತ್ತ ನಿಲ್ಲುವಷ್ಟು ವ್ಯವಧಾನ ಕಳ್ಳನಿಗಿರುವುದಿಲ್ಲ ಎಂಬುದು ಸಿದ್ಧಾಂತ. ಮಂಗಳಾರತಿ ಮುಗಿದ ಮೇಲೆ ಅವರೇ ಹುಡುಕುತ್ತ ನಿಂತಿರುವುದನ್ನು ನಾವು ನೋಡಿದ್ದೇವೆ.

ನಕ್ಕರೆ ಅವರು 2005ರ ಜುಲೈ 26ನ್ನು ಎತ್ತುತ್ತಾರೆ. ಅಂದು ಸಾಂತಾಕ್ರೂಜಿನಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ನೆಲಮಹಡಿಯವರ ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ಮದುವೆ ಆಲ್ಬಂ ಎಲ್ಲ ನೀರು ಕುಡಿದು ಮುದ್ದೆಯಾದಾಗ, ರಾಯರ ಕಾಗದಪತ್ರ ಮಾತ್ರ ಮೂರು ಪದರ ಪ್ಲಾಸ್ಟಿಕ್ಕಿನೊಳಗೆ ಅಟ್ಟದ ಮೇಲೆ ಗರಿಗರಿಯಾಗಿದ್ದವು. ಅವರ ಮನೆ ಮೂರನೇ ಮಹಡಿಯಲ್ಲಿದೆ ಎಂದು ಯಾರೋ ನೆನಪಿಸಿದರಂತೆ. ಆ ಮನುಷ್ಯನ ಜೊತೆ ಇಂದಿಗೂ ಮಾತಿಲ್ಲ.

ಇಂಥವರ ಕೈಗೆ ಒಂದು ಮೆಟಲ್ ಡಿಟೆಕ್ಟರ್ ಬಂತು. ಕ್ಯಾಲಿಫೋರ್ನಿಯಾದ ಮಗ ಹುಮ್ಮಸ್ಸಿನಲ್ಲಿ ಕೊಂಡು, ಬೇಸತ್ತು, ಗರಾಜ್ ಸೇಲಿನಲ್ಲಿ ಮಾರಲು ಇಟ್ಟಿದ್ದನಂತೆ. ಆರು ತಿಂಗಳು ಅಲ್ಲಿದ್ದು ವಾಪಸಾಗುತ್ತಿದ್ದ ರಾಯರು ಅದನ್ನು ಮೂರು ತುಂಡು ಮಾಡಿ, ಪಂಚೆಗಳ ನಡುವೆ ಮಲಗಿಸಿ, ಸೂಟ್‌ಕೇಸಿನಲ್ಲಿ ತಂದರು. "ಇದರಿಂದ ಮಾಡುವುದೇನು?" ಎಂದು ಹೆಂಡತಿ ಕೇಳಿದ್ದಕ್ಕೆ 1944ರ ಏಪ್ರಿಲ್ 14ರ ಕತೆ ಹೇಳಿದರು. ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಹಡಗು ಸ್ಫೋಟಿಸಿದಾಗ ಮದ್ದುಗುಂಡು, ಹತ್ತಿಗಳ ಜೊತೆ ಚಿನ್ನದ ಗಟ್ಟಿಗಳೂ ಆಕಾಶಕ್ಕೆ ಹಾರಿದ್ದವು. ಒಂದೊಂದೂ ಹನ್ನೆರಡು ಕಿಲೋಗೆ ಮೀರಿದ್ದು. ದಶಕಗಳು ಕಳೆದ ಮೇಲೂ ಹೂಳೆತ್ತುವವರಿಗೆ ಸಿಕ್ಕಿದ್ದುಂಟು.

"ಅದು ಡಾಕಿನಲ್ಲಿ. ನೀವು ಹೋಗುವುದೆಲ್ಲಿಗೆ?"

"ಗಿರಗಾಂವ್ ಚೌಪಾಟಿಗೆ."

"ಅಲ್ಲಿಗ್ಯಾಕೆ?"

"ಡಾಕಿನೊಳಗೆ ನಮ್ಮನ್ನು ಬಿಡುವುದಿಲ್ಲವಲ್ಲೇ!"

ಆದರೆ ಚಿನ್ನ ನೆಪ ಮಾತ್ರ. ಯಂತ್ರವನ್ನು ಜೋಡಿಸಿದ ಸಂಜೆಯೇ ರಾಯರಿಗೆ ಅದಕ್ಕಿಂತ ದೊಡ್ಡ ನಿಧಿ ಸಿಕ್ಕಿತು: ಅದರಲ್ಲೊಂದು ದುರ್ಬಲ ಜಾಗ. ಅಂಥ ಡಿಟೆಕ್ಟರಿನ ರಚನೆ ಸರಳ. ಬಾಗಿದ ಒಂದು ಕೊಳವೆ, ತುದಿಯಲ್ಲಿ ತಟ್ಟೆಯಂಥ ಕಾಯಿಲು, ಮೇಲೆ ಹಿಡಿಕೆ, ಹಿಡಿಕೆಯ ಮುಂದೆ ಬ್ಯಾಟರಿ, ಗುಂಡಿ, ಮುಳ್ಳು ಎಲ್ಲ ಇರುವ ಕಂಟ್ರೋಲ್ ಪೆಟ್ಟಿಗೆ. ಇಡೀ ಯಂತ್ರದ ಪ್ರಾಣ ಆ ಪೆಟ್ಟಿಗೆಯಲ್ಲಿದೆ. ಅದನ್ನು ಕೊಳವೆಗೆ ಹಿಡಿದಿಟ್ಟಿರುವುದೋ, ಕಿರುಬೆರಳ ಉಗುರಿನಷ್ಟು ಗಾತ್ರದ ಎರಡು ಪ್ಲಾಸ್ಟಿಕ್ ಕಿವಿ, ಎರಡು ಸ್ಕ್ರೂ.

"ಬ್ಯಾಟರಿಯ ಭಾರ ಮೇಲೆ, ಆಧಾರ ಕೆಳಗೆ" ಎಂದು ರಾಯರು ಸೊಸೈಟಿಯ ಬೆಂಚಿನ ಮೇಲೆ ಉಪನ್ಯಾಸ ಕೊಟ್ಟರು. "ಎಡಕ್ಕೆ ಬೀಸು, ಬಲಕ್ಕೆ ಬೀಸು. ಪ್ರತಿ ಸಲ ಆ ಕಿವಿ ಹಿಂಡಿದ ಹಾಗೆ. ಎಷ್ಟು ದಿನ ತಡೆದೀತು? ನೆಲಕ್ಕಿಟ್ಟರೆ ಪಕ್ಕಕ್ಕೆ ಉರುಳುತ್ತದೆ, ಆಗ ಪೂರ್ತಿ ಪೆಟ್ಟು ಅದೇ ಕಿವಿಗೆ. ಮುರಿಯುವುದಿದ್ದರೆ ಅಲ್ಲೇ ಮುರಿಯಬೇಕು."

ಒಪ್ಪಬೇಕಾದ ಮಾತು. ಜೋಪಾನರಾಯರ ವಂಶದವರು ರೋಗ ಗುರುತಿಸುವಲ್ಲಿ ಎಂದೂ ತಪ್ಪುವುದಿಲ್ಲ. ಎಡವಟ್ಟಾಗುವುದು ಔಷಧಿಯ ಪ್ರಮಾಣದಲ್ಲಿ.

ಔಷಧಿಗಾಗಿ ಮುಂಬಯಿಯ ಪೇಟೆಗಳೆಲ್ಲ ಸುತ್ತಾಟವಾಯಿತು. ಸ್ಕ್ರೂ ಉದ್ದ ಸಾಲದೆಂದು ನಾಗದೇವಿ ಸ್ಟ್ರೀಟು, ಕೇಬಲ್ ಟೈ ಬೇಕೆಂದು ಲೋಹಾರ್ ಚಾಳ್, ಪೆಟ್ಟಿಗೆಗೊಂದು ಹೊರಪೆಟ್ಟಿಗೆ ಸಿಕ್ಕೀತೆಂದು ಲ್ಯಾಮಿಂಗ್ಟನ್ ರೋಡು. ಅಲ್ಲಿನ ಅಂಗಡಿಯವನಿಗೆ ಬರೋಬ್ಬರಿ ಒಂದು ಗಂಟೆ ಕೊಳವೆಯ ವ್ಯಾಸ, ಕಿವಿಯ ದಪ್ಪ, ಬೀಸುವ ಕೋನ ವಿವರಿಸಿ, ಕೊನೆಗೆ ಕೊಂಡದ್ದು ಒಂದು ಇನ್ಸುಲೇಶನ್ ಟೇಪು. ಅದೂ ಡೊಂಬಿವಲಿಯಲ್ಲಿ ಸಿಗುವಂಥದ್ದೇ. ಪೇಟೆ ಸುತ್ತುವುದು ಇಂಥವರಿಗೆ ಕ್ಷೇತ್ರದರ್ಶನ. ಪ್ರಸಾದ ಎಷ್ಟು ಸಿಕ್ಕಿತೆಂಬುದು ಮುಖ್ಯವಲ್ಲ.

ಕೆಲಸ ಶುರುವಾಯಿತು. ಮೊದಲು ಪೆಟ್ಟಿಗೆಗೂ ಕೊಳವೆಗೂ ನಡುವೆ ಸೈಕಲ್ ಟ್ಯೂಬಿನ ತುಂಡು, ಪೆಟ್ಟು ಹೀರಿಕೊಳ್ಳಲು. ಇದು ನಿಜಕ್ಕೂ ಜಾಣತನ. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಅದರ ಮೇಲೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ದಬ್ಬೆ ಕಟ್ಟಿದರು. ಸಂದಿಗೆಲ್ಲ ಎಂ-ಸೀಲ್ ಮೆತ್ತಿದರು. ಸುತ್ತ ಟೇಪು. ಟೇಪು ಒದ್ದೆಯಾಗಬಾರದೆಂದು ರೇನ್‌ಕೋಟಿನ ತೋಳು ಕತ್ತರಿಸಿ ಹೊದಿಸಿದರು. ಬ್ಯಾಟರಿ ಬದಲಿಸುವುದು ಹೇಗೆಂದು ಪಕ್ಕದ ಮನೆಯ ಹುಡುಗ ಕೇಳಿದ ಮೇಲೆ ಎಲ್ಲ ಬಿಚ್ಚಿ, ಒಂದು ಕಿಟಕಿ ಬಿಟ್ಟು, ಮತ್ತೆ ಕಟ್ಟಿದರು. ಇಷ್ಟಾದರೂ ಸಮಾಧಾನವಿಲ್ಲದೆ ಕೊಳವೆಯುದ್ದಕ್ಕೂ, ಕೆಳಗೆ ಕಾಯಿಲಿನ ತನಕ, ಉಕ್ಕಿನ ಹೋಸ್ ಕ್ಲಿಪ್ಪುಗಳನ್ನು ಬಿಗಿದರು.

ಸ್ವಿಚ್ಚು ಹಾಕಿದರೆ ಯಂತ್ರ ಕುಂಯ್ ಎಂದಿತು. ಹಾಲಿನಲ್ಲಿ ಕುಂಯ್, ಬಾಲ್ಕನಿಯಲ್ಲಿ ಕುಂಯ್, ಗಾಳಿಯಲ್ಲಿ ಎತ್ತಿ ಹಿಡಿದರೂ ಕುಂಯ್. ಗೋಡೆಯ ಕಬ್ಬಿಣದಿಂದಲೋ ಎಂದು ತಾರಸಿಗೆ ಹೋದರು. ಅಲ್ಲೂ ಅದೇ ರಾಗ. ಕಾಯಿಲು ಹುಟ್ಟಿಸುವ ಕಾಂತಕ್ಷೇತ್ರ ಹತ್ತಿರದ ಲೋಹದಲ್ಲಿ ಸಣ್ಣ ಸುಳಿ ವಿದ್ಯುತ್ತು ಎಬ್ಬಿಸುತ್ತದೆ. ಯಂತ್ರ ಹಿಡಿಯುವುದು ಅದನ್ನೇ. ಕಾಯಿಲಿಗೆ ಅತಿ ಹತ್ತಿರದ ಲೋಹವೆಂದರೆ ರಾಯರು ಬಿಗಿದ ಕ್ಲಿಪ್ಪು. ಯಂತ್ರ ತನ್ನ ಅಂಗರಕ್ಷಕನನ್ನೇ ಹಿಡಿದುಕೊಡುತ್ತಿತ್ತು.

ಹೀಗೆ ಮೋಸಹೋದವರಲ್ಲಿ ರಾಯರು ಮೊದಲಿಗರೇನಲ್ಲ. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡನ್ನು ಪತ್ತೆ ಮಾಡಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೇ ಒಂದು ಯಂತ್ರ ಮಾಡಿಕೊಂಡು ಹೋಗಿದ್ದ. ಹಾಸಿಗೆಯೊಳಗಿದ್ದ ಉಕ್ಕಿನ ಸ್ಪ್ರಿಂಗುಗಳು ಯಂತ್ರದ ದಿಕ್ಕು ತಪ್ಪಿಸಿದವು. ಗುಂಡು ಸಿಗಲಿಲ್ಲ, ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ಉಳಿಯಲಿಲ್ಲ. ಈ ಸಂಗತಿ ತಿಳಿದ ಮೇಲೆ ರಾಯರ ಮುಖ ಅರಳಿತು. "ಬೆಲ್ಲನಿಗೂ ಹಾಗೇ ಆಯ್ತೇನು?" ಎಂದು ಕ್ಲಿಪ್ಪುಗಳನ್ನು ಬಿಚ್ಚಿ, ಜಾಗಕ್ಕೆ ನೈಲಾನ್ ದಾರ ಸುತ್ತಿದರು. ಬಿಚ್ಚಿದ ಕ್ಲಿಪ್ಪುಗಳು ಒಂದು ಡಬ್ಬಿಯಲ್ಲಿವೆ. ಡಬ್ಬಿಯ ಮೇಲೆ ಚೀಟಿ ಇದೆ. ಚೀಟಿಯ ಮೇಲೆ ಟೇಪು ಇದೆ.

ಇನ್ನು ಪ್ರಯಾಣ. ಡೊಂಬಿವಲಿಯಿಂದ ಚೌಪಾಟಿಗೆ ಹೋಗಬೇಕಾದರೆ ದಾದರಿನಲ್ಲಿ ಇಳಿದು, ವೆಸ್ಟರ್ನ್ ಲೈನ್ ಹಿಡಿದು, ಚರ್ನಿ ರೋಡಿನಲ್ಲಿ ಇಳಿಯಬೇಕು. ವಾರದ ದಿನ ಡೊಂಬಿವಲಿಯ ಗರ್ದಿಯಲ್ಲಿ ಮನುಷ್ಯನ ಪಕ್ಕೆಲುಬೇ ಉಳಿಯುವುದಿಲ್ಲ, ಪ್ಲಾಸ್ಟಿಕ್ ಕಿವಿ ಎಲ್ಲಿ ಉಳಿದೀತು? ರವಿವಾರವೆಂದರೆ ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾ ಬ್ಲಾಕು. ಆದರೂ ರವಿವಾರ ಬೆಳಕು ಹರಿಯುವ ಮೊದಲೇ, ಕೋಲನ್ನು ಹಳೆಯ ಹಾಸಿಗೆಯ ಹತ್ತಿಯಲ್ಲಿ ಸುತ್ತಿ, ಲಗೇಜ್ ಡಬ್ಬಾ ಹತ್ತಿದರು. ಮೀನಿನ ಬುಟ್ಟಿಯ ಪಕ್ಕ ಕೂತಿದ್ದ ಕೋಳಿ ಸಮುದಾಯದ ಹೆಂಗಸು ಆ ಉದ್ದನೆಯ ಗಂಟನ್ನು ದಿಟ್ಟಿಸಿ, "ಕಾಯ್ ಕಾಕಾ, ಆಜಾರಿ ಆಹೇ ಕಾ?" ಎಂದಳಂತೆ, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ. ರಾಯರು ಹೌದೆಂದೂ ಅಲ್ಲವೆಂದೂ ಹೇಳದೆ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡರು.

2008ರ ನವೆಂಬರ್ 26ರ ದಾಳಿಯಾದ ಮೇಲೆ ಮುಂಬಯಿಯ ಸ್ಟೇಷನ್ನು, ಮಾಲು, ಥಿಯೇಟರುಗಳಲ್ಲೆಲ್ಲ ಲೋಹ ಹಿಡಿಯುವ ಬಾಗಿಲುಗಳು ಬಂದವಷ್ಟೆ. ಸ್ಟೇಷನ್ನಿನಲ್ಲಿ ಜನ ಅದರೊಳಗಿಂದ ಹೊಳೆಯಾಗಿ ಹರಿಯುತ್ತಾರೆ, ಅದು ತನ್ನಷ್ಟಕ್ಕೆ ಕೂಗುತ್ತದೆ, ಯಾರೂ ಯಾರನ್ನೂ ಕೇಳುವುದಿಲ್ಲ. ಆದರೆ ಹತ್ತಿಯಲ್ಲಿ ಸುತ್ತಿದ ಕೋಲು ಎಂಥ ನಿದ್ದೆಯನ್ನೂ ಕೆಡಿಸೀತು. ಒಂದು ಬಾಗಿಲಲ್ಲಿ, ಯಾವುದೆಂಬುದು ಬೇಡ, ಕಾವಲಿನವನು ತಡೆದ.

"ಕಾಕಾ, ಯೇ ಕ್ಯಾ ಹೈ?"

"ಮೆಟಲ್ ಡಿಟೆಕ್ಟರ್."

ಅವನು ತನ್ನ ಕೈಯಲ್ಲಿದ್ದ ದೊಣ್ಣೆಯಂಥದ್ದನ್ನು ನೋಡಿಕೊಂಡ. "ಯೇ ಭೀ ಮೆಟಲ್ ಡಿಟೆಕ್ಟರ್ ಹೈ."

ರಾಯರ ಕಣ್ಣು ಅದರ ಮೇಲೆ ಬಿತ್ತು. ಬ್ಯಾಟರಿಯ ಮುಚ್ಚಳ ಕಳೆದುಹೋಗಿ, ಜಾಗದಲ್ಲಿ ರಟ್ಟಿನ ತುಂಡು, ಅದಕ್ಕೊಂದು ಸಡಿಲ ರಬ್ಬರ್ ಬ್ಯಾಂಡು. ಇಂಥ ದೃಶ್ಯ ಕಂಡು ಮುಂದೆ ಹೋಗುವ ಜೀವವಲ್ಲ ಅದು. ಜೋಳಿಗೆಯಿಂದ ಟೇಪು, ಕತ್ತರಿ, ಮಿಕ್ಕ ಸೈಕಲ್ ಟ್ಯೂಬು ಹೊರಬಂದವು. ಹಿಡಿಕೆಗೆ ಎರಡು ಸುತ್ತು, ಬ್ಯಾಟರಿಗೆ ಒಂದು ಹೊದಿಕೆ. ಅಷ್ಟು ಹೊತ್ತೂ ಆ ಬಾಗಿಲಲ್ಲಿ ಒಬ್ಬರ ತಪಾಸಣೆಯೂ ಆಗಲಿಲ್ಲ. ಮೊದಲಿಗೂ ಆಗಿನದಕ್ಕೂ ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ. ಕಾವಲಿನವನು ಕೈಮುಗಿದು ಕಳಿಸಿಕೊಟ್ಟ.

ಚೌಪಾಟಿಯ ಬೇಟೆ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಉಪ್ಪುನೀರು ಕುಡಿದ ಮರಳು ತಾನೇ ವಿದ್ಯುತ್ತು ಹಾಯಿಸುವುದರಿಂದ ಇಂಥ ಸಾದಾ ಯಂತ್ರಗಳು ಅಲೆಯ ಹತ್ತಿರ ಸುಮ್ಮಸುಮ್ಮನೆ ಕೂಗುತ್ತವೆ. ಒಣಮರಳಿನಲ್ಲಿ ಸಿಕ್ಕಿದ್ದು ಸೋಡಾ ಬಾಟಲಿಯ ಬಿರಡೆಗಳು, ವಿಸರ್ಜನೆಯಾದ ಗಣಪತಿಗಳ ಮೊಳೆ, ತಂತಿ, ಮತ್ತು ಒಂದು ಹತ್ತು ರೂಪಾಯಿ ನಾಣ್ಯ. ನಾಣ್ಯ ಕಂಡದ್ದೇ ರಾಯರು ಜೇಬಿನಿಂದ ಲ್ಯಾಮಿನೇಟ್ ಮಾಡಿಸಿದ ಹಾಳೆ ತೆಗೆದರು. 1878ರ ನಿಧಿ ಕಾಯ್ದೆ: ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ಲಿಖಿತ ತಿಳಿವಳಿಕೆ ಕೊಡತಕ್ಕದ್ದು. ಆ ಹತ್ತು ರೂಪಾಯಿ ವಿಕ್ಟೋರಿಯಾ ರಾಣಿಯ ಕಾಲದ್ದು. "ಮೀರಿದ ಅಂದರೆ ಹತ್ತರ ಮೇಲೆ. ಇದು ಸರಿಯಾಗಿ ಹತ್ತು" ಎಂದು ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು, ನಾಣ್ಯವನ್ನು ಕರವಸ್ತ್ರದಲ್ಲಿ ಗಂಟು ಹಾಕಿದರು.

ಅನಾಹುತ ನಡೆದದ್ದು ಅದಾದ ಮೇಲೆ. ಎಪ್ಪತ್ತು ದಾಟಿದ ಮಂಡಿ. ಮರಳು ಕೆದಕಲು ಕೂತರೆ ಏಳುವುದಕ್ಕೆ ಏನಾದರೂ ಊರಬೇಕು. "ಅದನ್ನು ಊರಿ ಏಳಬೇಡಿ" ಎಂದು ಹೆಂಡತಿ ಹೊಸ್ತಿಲಲ್ಲೇ ಹೇಳಿ ಕಳಿಸಿದ್ದರು. ಇಡೀ ಸಂಶೋಧನೆಯಲ್ಲಿ ಕೆಲಸಕ್ಕೆ ಬರುವ ಸಲಹೆ ಅದೊಂದೇ. ರಾಯರು ಕೋಲು ಊರಿದರು, ಎದ್ದರು, ಟಕ್ ಎಂದಿತು. ದಬ್ಬೆ, ಎಂ-ಸೀಲ್, ಟೇಪು ಸೇರಿ ಮೇಲ್ಭಾಗ ಕಲ್ಲಾಗಿತ್ತು, ಭಾರವೂ ಹೆಚ್ಚಿತ್ತು. ಜೋರೆಲ್ಲ ಕೆಳಗಿನ ಕೀಲಿಗೆ ಇಳಿದು ಕೊಳವೆಯೇ ಎರಡಾಯಿತು. ರಾಯರು ಮರಳಿನಲ್ಲಿ ಕೂತಲ್ಲೇ ರೇನ್‌ಕೋಟಿನ ತೋಳನ್ನು ಸರಿಸಿ ಪೆಟ್ಟಿಗೆ ನೋಡಿದರು. ಒಂದು ಗೀರೂ ಬಿದ್ದಿರಲಿಲ್ಲ.

"ನೋಡಿದಿರಾ, ಪೆಟ್ಟಿಗೆ ಉಳಿಯಿತು" ಎಂದು ಅಂದಿನಿಂದ ಬಂದವರಿಗೆಲ್ಲ ತೋರಿಸುತ್ತಾರೆ.

ಓದುಗರಲ್ಲಿ ಒಂದು ವಿನಂತಿ. ಮುಕ್ಕಾಲು ಇಂಚು ವ್ಯಾಸದ, ಮೂರಡಿ ಉದ್ದದ ಅಲ್ಯೂಮಿನಿಯಂ ಪೈಪು ಯಾರ ಮನೆಯ ಅಟ್ಟದಲ್ಲಾದರೂ ಬಿದ್ದಿದ್ದರೆ ತಿಳಿಸಬೇಕು. ಹಳೆಯದಾದರೂ ನಡೆಯುತ್ತದೆ, ಸೊಟ್ಟಗಿದ್ದರೂ ನಡೆಯುತ್ತದೆ. ಹೊಸದು ಮಾತ್ರ ಕೊಡಬೇಡಿ. ಹಾಳಾದೀತೆಂದು ರಾಯರು ಅದನ್ನು ಬಳಸುವುದಿಲ್ಲ.