ಸವೆದ ಚೈನೂ ಎದುರುಮನೆ ರಾಯರೂ

ಬೈಕಿನ ಚೈನು ಸವೆದದ್ದು ಓಡಿಸುವವನಿಗಿಂತ ಮೊದಲು ಬೀದಿಗೆ ಗೊತ್ತಾಗುತ್ತದೆ. ತಿರುವಿನಲ್ಲಿ ಕರಕರ ಸದ್ದು ಕೇಳಿದೊಡನೆ ಮನೆಯಾಕೆ ಕಾಫಿಗೆ ಹಾಲಿಡುತ್ತಾಳೆ. ಅನುಮಾನವಿದ್ದರೆ ಹಿಂದಿನ ಸ್ಪ್ರಾಕೆಟ್ ಮೇಲೆ ಕೂತ ಚೈನನ್ನು ಹಿಂದಕ್ಕೆ ಎಳೆದು ನೋಡಿ. ಅರ್ಧ ಹಲ್ಲು ಇಣುಕಿದರೆ ಅದರ ಆಯುಸ್ಸು ಮುಗಿಯಿತು.

'ಚೈನೊಂದೇ ಸಾಕು' ಎಂದು ಜುಗ್ಗತನ ಮಾಡಬೇಡಿ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನೂ ಬೇಗ ತಿಂದುಹಾಕುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರೂ ಸೇರಿ 'ಚೈನ್ ಸೆಟ್' ಆಗಿರುವುದು ಅದಕ್ಕೇ.

ಅಂಗಳದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ಕೂತಿರೋ, ಸ್ಪ್ಯಾನರ್ ಹಿಡಿಯುವವನು ಒಬ್ಬ, ಸಲಹೆ ಕೊಡುವವರು ನಾಲ್ವರು. ಬೈಕೇ ಇಲ್ಲದ ಎದುರುಮನೆ ರಾಯರದ್ದೇ ಜೋರು: "ಲಾಕಿನ ಬಾಯಿ ಯಾವ ಕಡೆಗಿರಬೇಕು, ಗೊತ್ತೇನಯ್ಯಾ?" ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಲಾಕೆಂದರೆ ಚೈನಿನ ಎರಡು ತುದಿ ಜೋಡಿಸುವ ಕ್ಲಿಪ್; ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ, ತೆರೆದ ಬಾಯಿ ಹಿಂದಕ್ಕೆ. ತಿರುಗುಮುರುಗಾದರೆ ಕ್ಲಿಪ್ ನಡುದಾರಿಯಲ್ಲಿ ಹಾರಿಹೋದೀತು. ಸಾಮಾನ್ಯ ಬೈಕುಗಳಲ್ಲಿ ಚೈನನ್ನು 25ರಿಂದ 30 ಮಿ.ಮೀ. ಸಡಿಲ ಬಿಡಿ, ವೀಣೆಯ ತಂತಿಯಂತೆ ಬಿಗಿದರೆ ಬೇರಿಂಗ್ ಅಳುತ್ತದೆ.

ಚೈನು ಬದಲಿಸಲು ಒಂದು ಮಧ್ಯಾಹ್ನ ಸಾಕು, ಉಗುರಿನ ಗ್ರೀಸ್ ಹೋಗಲು ವಾರ ಬೇಕು. ಅಲ್ಲಿಯವರೆಗೆ ಮನೆಯ ಬಿಳಿ ಟವಲು ಮುಟ್ಟಬೇಡಿ, ಸಂಸಾರ ಸುಸೂತ್ರವಾಗಿ ಓಡುತ್ತದೆ.