ವಾಟರ್‌ಬೆಡ್ ಕಾಕಾ

ಮಾಳಮಡ್ಡಿಯಿರಲಿ, ಸಪ್ತಾಪುರವಿರಲಿ, ಧಾರವಾಡದ ಯಾವುದೇ ಹಳೆಯ ಬಡಾವಣೆಯಲ್ಲಿ ಒಬ್ಬ ವಾಟರ್‌ಬೆಡ್ ಕಾಕಾ ಇದ್ದೇ ಇರುತ್ತಾರೆ. ಬ್ಯಾಂಕಿನಲ್ಲೋ ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗದಲ್ಲೋ ಬೇರೆಯವರ ರೊಕ್ಕ ಕಾಯ್ದು ನಿವೃತ್ತರಾದವರು. ಎಂದೋ ತಾಯಿ ಹಾಸಿಗೆ ಹಿಡಿದಾಗ ಕೊಂಡ ವಾಟರ್‌ಬೆಡ್ಡು, ಆಕೆ ಹೋದ ಮೇಲೆ, ಒಂದು ವಾಕರ್ ಮತ್ತು ಒಂದು ಕಮೋಡ್ ಕುರ್ಚಿಯೊಂದಿಗೆ ಅವರ ಪಾಲಿಗೆ ಉಳಿದಿರುತ್ತದೆ. ಓಣಿಯಲ್ಲಿ ಯಾರಾದರೂ ಬಚ್ಚಲಲ್ಲಿ ಜಾರಿ ತೊಡೆಯೆಲುಬು ಮುರಿದುಕೊಂಡರೆ, ಯಾರಿಗಾದರೂ ಲಕ್ವಾ ಹೊಡೆದರೆ, ಡಾಕ್ಟರರಿಗಿಂತ ಮೊದಲು ಕಾಕಾಗೆ ಸುದ್ದಿ ಮುಟ್ಟುತ್ತದೆ.

ಬಾಡಿಗೆ ಇಲ್ಲ. ರಿಜಿಸ್ಟರ್ ಇದೆ. ಒಯ್ದವರ ಹೆಸರು, ಒಯ್ದ ತಾರೀಕು, ಮರಳಿಸಿದ ತಾರೀಕು, ಕೊನೆಗೆ ಶೇರಾ. ಶೇರಾದಲ್ಲಿ ಒಂದೇ ಅಕ್ಷರ: ‘ಗು’ ಇಲ್ಲವೇ ‘ದೈ’. ಗುಣವಾದವರು, ದೈವಾಧೀನರಾದವರು. ‘ದೈ’ ಆದ ಮನೆಯಲ್ಲಿ ಹದಿಮೂರು ದಿನ ಕಾಕಾ ಹಾಸಿಗೆಯ ಮಾತೆತ್ತುವುದಿಲ್ಲ. ಹದಿನಾಲ್ಕನೆಯ ದಿನ ಮುಂಜಾನೆ ಗೇಟು ಸಪ್ಪಳವಾದರೆ ಅವರೇ.

ರೋಗಿಯನ್ನು ನೋಡಲು ದಿನಾ ಬರುತ್ತಾರೆ. ‘ಹ್ಯಾಂಗದ ಈಗ?’ ಎಂದು ಕೇಳುತ್ತಾರೆ. ‘ಬೇಷ್ ಅದಾರ್ರಿ ಕಾಕಾ, ಮುಂಜಾನೆ ನಾಕು ಚಮಚಾ ಗಂಜಿ ಕುಡದ್ರು’ ಎಂದು ಸೊಸೆ ಹೇಳಿದರೆ, ‘ಅವರದಲ್ಲವಾ, ನಾ ಬೆಡ್ಡಿಂದು ಕೇಳಿದೆ’ ಎನ್ನುತ್ತಾರೆ.

ಹಾಸಿಗೆ ಹಾಕುವ ದಿನವೇ ದೊಡ್ಡ ಸಮಾರಂಭ. ಸವದತ್ತಿಯ ರೇಣುಕಾಸಾಗರದಿಂದ ಹೊರಟ ಮಲಪ್ರಭೆ ನಮ್ಮ ನಳಕ್ಕೆ ಬರುವುದು ವಾರಕ್ಕೊಮ್ಮೆ. 2008ರ ಸುಮಾರಿಗೆ ವಿಶ್ವಬ್ಯಾಂಕಿನ ಸಾಲದಲ್ಲಿ ಅವಳಿನಗರದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂತು. ನಮ್ಮ ಓಣಿಗೆ ಆ ವಾರ್ಡುಗಳ ಸುದ್ದಿ ಬಂತು. ಇಂಥಲ್ಲಿ ಅಜ್ಜಿ ಮಂಗಳವಾರ ಬಿದ್ದು, ನಳ ಶನಿವಾರ ಬರುವುದಿದ್ದರೆ, ಮನೆಯ ಬ್ಯಾರಲ್ಲಿನಿಂದ ಹತ್ತು ಕೊಡ ನೀರು ಹಾಸಿಗೆಯ ಹೊಟ್ಟೆಗೆ ಹೋಗುವುದನ್ನು ಸೊಸೆ ಯಾವ ಮುಖದಿಂದ ನೋಡುತ್ತಾಳೆಂಬುದನ್ನು ನೀವೇ ಊಹಿಸಿ. ಶುಕ್ರವಾರ ಬ್ಯಾರಲ್ ತಳ ಕಂಡಾಗ ಮನೆಮಂದಿಯ ಕಣ್ಣು ಅಜ್ಜಿಯ ಕೆಳಗೆ ಹೊರಳುತ್ತದೆ. ಕಾಕಾಗೆ ಅದೂ ಗೊತ್ತು. ಹಾಸಿಗೆಯ ಮುಚ್ಚಳದ ಸುತ್ತ ದಾರ ಕಟ್ಟಿ ಗುರುತು ಮಾಡಿರುತ್ತಾರೆ.

ತಣ್ಣೀರು ಸುರಿದರೆ ಮೈಯ ಬಿಸಿಯನ್ನೆಲ್ಲ ಹಾಸಿಗೆಯೇ ಹೀರಿಕೊಳ್ಳುತ್ತದೆ. ಧಾರವಾಡದ ಡಿಸೆಂಬರಿನಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಒಂದು ಹಂಡೆ ಕಾಯಿಸಿ ಬೆರೆಸಬೇಕು. ಕಾಕಾ ಮೊಣಕೈ ಅದ್ದಿ ಪರೀಕ್ಷಿಸುತ್ತಾರೆ. ‘ಬಿಸಿನೂ ಅನಸಬಾರದು, ತಣ್ಣಗೂ ಅನಸಬಾರದು.’ ಆಮೇಲೆ ಕಾಲಕಡೆಯಿಂದ ಎರಡೂ ಅಂಗೈ ಒತ್ತುತ್ತ ಗಾಳಿಯನ್ನೆಲ್ಲ ಮುಚ್ಚಳದತ್ತ ಅಟ್ಟುತ್ತಾರೆ. ಗಾಳಿ ಉಳಿದರೆ ರಾತ್ರಿಯಿಡೀ ಗುಡುಗುಡು.

ಮಗನಿಗೆ ಹಾಸಿಗೆ ತುಂಬಿ ತುಳುಕಬೇಕು. ಕಾಕಾ ಬಿಡುವುದಿಲ್ಲ. ನಗಾರಿಯ ಹಾಗೆ ಬಿಗಿದರೆ ಅಜ್ಜಿ ಬರೀ ಹಲಗೆಯ ಮೇಲೆ ಮಲಗಿದಂತೆಯೇ. ಕಡಿಮೆಯಾದರೆ ಸೊಂಟ ಮಂಚಕ್ಕೆ ತಾಗುತ್ತದೆ. ಸೊಂಟದ ಕೆಳಗೆ ಕೈ ತೂರಿಸಿ ನೀರು ಇನ್ನೂ ಆಡುತ್ತಿದೆಯೇ ನೋಡುತ್ತಾರೆ. ಕುಂಡಿ, ಹಿಮ್ಮಡ, ಚಪ್ಪೆಯೆಲುಬು, ಇಲ್ಲೆಲ್ಲ ಮೈಭಾರ ಒಂದೇ ಕಡೆ ಬಿದ್ದರೆ ರಕ್ತ ನಿಂತು ಚರ್ಮ ಸಾಯುತ್ತದೆ. ನೀರು ಆ ಭಾರವನ್ನು ಮೈತುಂಬ ಹಂಚುತ್ತದೆ. ಹಾಗೆಂದು ಹಾಸಿಗೆಯ ಮೇಲೆ ಹಾಕಿ ಮರೆತುಬಿಡುವಂತಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಗೋಡೆಗೆ ಕಾಗದ ಅಂಟಿಸುತ್ತಾರೆ: 8 ಎಡ, 10 ಬಲ, 12 ಅಂಗಾತ. ರಾತ್ರಿ ಎರಡಕ್ಕೆ ಫೋನು ರಿಂಗಾಗುತ್ತದೆ. ‘ಎಡಕ್ಕ ಹೊರಳಿಸಿದ್ರೇನು?’ ಈ ಮನುಷ್ಯ ಯಾವಾಗ ನಿದ್ದೆ ಮಾಡುತ್ತಾರೆಂಬುದು ಓಣಿಯವರಿಗೆ ಇನ್ನೂ ಬಗೆಹರಿದಿಲ್ಲ.

ಚಹಾ ಬಂದರೆ ಇತಿಹಾಸ ಶುರು. 1830ರ ದಶಕದಲ್ಲಿ ನೀಲ್ ಆರ್ನಾಟ್ ಎಂಬ ಸ್ಕಾಟ್ಲೆಂಡಿನ ವೈದ್ಯ ನೀರಿನ ತೊಟ್ಟಿಯ ಮೇಲೆ ರಬ್ಬರು ಬಳಿದ ಬಟ್ಟೆ ಹೊದಿಸಿ ರೋಗಿಯನ್ನು ಮಲಗಿಸಿದನಂತೆ, ಬೆನ್ನು ಹುಣ್ಣಾಗದಿರಲೆಂದು. ಯಾರು ಬೇಕಾದರೂ ಮಾಡಿಕೊಳ್ಳಲೆಂದು ಪೇಟೆಂಟ್ ಕೂಡ ಪಡೆಯಲಿಲ್ಲ. ‘ಬಾಡಿಗಿ ತೊಗೊಳ್ಳಿಲ್ಲ, ನೋಡ್ರಿ!’ ಎನ್ನುವಾಗ ಕಾಕಾ ಅವನನ್ನು ಮಾಳಮಡ್ಡಿಯವನನ್ನಾಗಿ ಮಾಡಿಕೊಂಡಿರುತ್ತಾರೆ. ಒಮ್ಮೆ ಕ್ಯಾಲಿಫೋರ್ನಿಯಾದಿಂದ ಬಂದ ಯಾರದೋ ಮಗ, 1968ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಚಾರ್ಲ್ಸ್ ಹಾಲ್ ಎಂಬ ವಿದ್ಯಾರ್ಥಿ ಇದನ್ನು ಆರಾಮಕ್ಕೆಂದೇ ಹೊಸದಾಗಿ ಮಾಡಿದ್ದನ್ನೂ 1971ರಲ್ಲಿ ಪೇಟೆಂಟ್ ಪಡೆದದ್ದನ್ನೂ, ಗಟ್ಟಿಮುಟ್ಟಾದ ಹರೆಯದವರು ಜೋಡಿಯಾಗಿ ಅದರ ಮೇಲೆ ಮಲಗುತ್ತಿದ್ದುದನ್ನೂ ಹೇಳಿದ. ಕಾಕಾ ಕಪ್ಪು ಕೆಳಗಿಟ್ಟರು. ‘ಅವರಿಗೇನು ಆಗಿತ್ತು?’ ಎಂದು ಕೇಳಿದರು.

ಅವರ ನಿಜವಾದ ವೈರಿ ಎಂದರೆ ನೋಡಲು ಬರುವ ನೆಂಟರು. ಸೀರೆಯ ಪಿನ್ನು, ಕೂದಲ ಪಿನ್ನು, ಅಂಗಿಯ ಕಿಸೆಯ ಪೆನ್ನು, ಎಲ್ಲ ಹೊರಗೆ ತೆಗೆದಿಟ್ಟೇ ಅಜ್ಜಿಯ ಹತ್ತಿರ ಕೂರಬೇಕು. ಹಾಸಿಗೆಯ ಅಂಚಿನಲ್ಲಿ ಕೂರುವಂತೆಯೇ ಇಲ್ಲ, ಅಲೆ ಏಳುತ್ತದೆ. ಒಮ್ಮೆ ತೂತಾದಾಗ ಸೈಕಲ್ ಅಂಗಡಿಯವನು ಪಂಕ್ಚರ್ ತಿದ್ದಿಕೊಟ್ಟ. ಟ್ಯೂಬಿನ ಸೊಲ್ಯೂಷನ್ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲವೆಂದು ಕಾಕಾ ಮೊದಲೇ ಹೇಳಿದ್ದರು, ಹಿಡಿಯಲೂ ಇಲ್ಲ. ಮರಳಿ ಬಂದ ಹಾಸಿಗೆಯನ್ನು ನೆರಳಲ್ಲಿ ಒಣಗಿಸಿ, ಪೌಡರು ಹಚ್ಚಿ, ಮಡಚದೆ ಸುತ್ತಿ ಕಪಾಟಿನಲ್ಲಿಡುತ್ತಾರೆ. ಅಟ್ಟದ ಮೇಲೆ ಇಲಿಗಳಿವೆ.

ಕಾಕಾ ಸೋತದ್ದು ಒಬ್ಬ ಅಜ್ಜಿಗೆ ಮಾತ್ರ. ಹಾಸಿಗೆಯ ಮೇಲೆ ತೆಳುವಾದ ಒಂದೇ ಚಾದರ ಇರಬೇಕು, ದಪ್ಪಗೆ ಹಾಸಿದರೆ ನೀರಿದ್ದೂ ಇಲ್ಲದಂತೆ. ಅಜ್ಜಿಗೆ ತನ್ನ ಇಳಕಲ್ ಸೀರೆ, ಗಂಡನ ಧೋತರ ಕೂಡಿಸಿ ಹೊಲಿದ ಕೌದಿಯೇ ಬೇಕು. ‘ಕೌದಿ ಹೊದ್ಕೋರಿ, ಹಾಸ್ಕೋಬ್ಯಾಡ್ರಿ’ ಎಂದು ಕಾಕಾ ದಿನಾ ಎಳೆದು ತೆಗೆಯುವುದು, ಅವರು ಗೇಟು ದಾಟಿದ ಕೂಡಲೇ ಅಜ್ಜಿ ಮತ್ತೆ ಹಾಸಿಸುವುದು. ಕೊನೆಗೆ ಆಕೆಯ ಕಾಲು ಕೂಡಿತು, ವಾಕರ್ ಹಿಡಿದು ತುಳಸಿಕಟ್ಟೆಯವರೆಗೆ ನಡೆದದ್ದೂ ಆಯಿತು. ಅತ್ತ ಸಾಧನಕೇರಿಯಲ್ಲಿ ಇನ್ನೊಬ್ಬರು ಬಿದ್ದಿದ್ದರು. ಕಾಕಾ ರಿಜಿಸ್ಟರ್ ಹಿಡಿದು ಬಂದರು.

ಅಜ್ಜಿ ಕೌದಿಯ ಮೇಲೆ ಇನ್ನಷ್ಟು ಆರಾಮಾಗಿ ಕಾಲು ಚಾಚಿದರು. ‘ಭಾಳ ಛಲೋ ಅದಪಾ ಇದು. ನಾ ಸತ್ತ ಮ್ಯಾಲೆ ಒಯ್ಯಿ.’

‘ಹಂಗಂದ್ರ ಹ್ಯಾಂಗ ಅಜ್ಜಿ,’ ಕಾಕಾ ಪೆನ್ನಿನ ಟೊಪ್ಪಿಗೆ ತೆಗೆದರು, ‘ನಾ ಈಗಾಗಲೇ ಗು ಬರದೇನಿ.’