ಡಂಗುರ ಹೊಡೆಸಿದ್ದೆವಲ್ಲ!

ಕೃಷ್ಣೆಯಲ್ಲಿ ತೆಪ್ಪ ಮಗುಚಿದರೆ ಎಲ್ಲರಿಗಿಂತ ಮೊದಲು ದಡ ಸೇರುವುದು ಸರ್ಕಾರಿ ಕಡತ. ಅದರೊಳಗೆ ಏನಿರುತ್ತದೆಂಬುದು ವನದುರ್ಗದ ಚಹಾದಂಗಡಿಯಲ್ಲಿ ಕೂತವರಿಗೂ ಬಾಯಿಪಾಠ: ನದಿಗೆ ಇಳಿಯಬಾರದು, ತೆಪ್ಪ ಹಾಕಬಾರದು, ಡಂಗುರ ಹೊಡೆಸಲಾಗಿದೆ.

2020ರ ಆಗಸ್ಟ್‌ನಲ್ಲಿ ರಾಯಚೂರಿನ ಕುರ್ವಕಲಾ ನಡುಗಡ್ಡೆಯವರು ತೆಲಂಗಾಣದ ದಡದಿಂದ ಊರಿಗೆ ಮರಳುವಾಗ ತೆಪ್ಪ ಮುಳುಗಿತು. ಇದ್ದವರು 13, ನೀರುಪಾಲಾದವರು 4. ಸಂತೆ-ಸಾಮಾನಿಗೂ ಹೊಳೆ ದಾಟಬೇಕಾದವರು ಅವರು.

ಇಂಥ ಹೊತ್ತಿನಲ್ಲಿ ಬೆರಳುಗಳಿಗೆ ಭಾರೀ ಕೆಲಸ. ಕಂದಾಯದವರ ಬೆರಳು ಗೇಟು ಎತ್ತಿದ ನಾರಾಯಣಪುರ ಅಣೆಕಟ್ಟಿನತ್ತ, ನಾರಾಯಣಪುರದವರದು ಆಲಮಟ್ಟಿಯತ್ತ, ಆಲಮಟ್ಟಿಯವರದು ಮಹಾರಾಷ್ಟ್ರದತ್ತ, ಮಹಾರಾಷ್ಟ್ರದ್ದು ಮೋಡದತ್ತ. ಮೋಡಕ್ಕೆ ನೋಟಿಸ್ ಜಾರಿ ಮಾಡಲು ಬರುವುದಿಲ್ಲ. ಹಾಗಾಗಿ ಬೆರಳು ತಿರುಗಿ ಬಂದು ಅಂಬಿಗನ ಎದೆಗೆ ನಿಲ್ಲುತ್ತದೆ. ನೀರಿಗೆ ಬಿದ್ದವರ ಜುಟ್ಟು ಹಿಡಿದು ಎಳೆಯಲು ಮೊದಲು ಹಾರಿದವನೂ ಅಂಬಿಗನೇ ಆಗಿದ್ದರೆ, ಪಾಪ, ಅದನ್ನು ಬರೆಯಲು ಪಂಚನಾಮೆಯಲ್ಲಿ ಜಾಗವಿಲ್ಲ.

ನಡುಗಡ್ಡೆಯ ಮುದುಕರನ್ನು ಕೇಳಿ ನೋಡಿ: "ಡಂಗುರ ಕೇಳೀವ್ರೀ ಸಾಹೇಬ್ರ. ಹೊಡ್ಯಾಂವ ಬಂದದ್ದೂ ನಮ್ಮ ತೆಪ್ಪದಾಗ."

ಸಮುದ್ರದ ಕಡೆಯೂ ಇದೇ ರಾಗ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯ ದೋಣಿ ಮುಳುಗಿ 16 ಜನ ಸತ್ತರು. ಲೈಫ್ ಜಾಕೆಟ್ ಯಾಕೆ ಹಾಕಿಕೊಳ್ಳಲಿಲ್ಲ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಉತ್ತರಿಸಬೇಕಾದವರು ಹೋಗಿಬಿಟ್ಟಿದ್ದರು.

ಅದೇ ವರ್ಷದ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 6 ಲಕ್ಷ ಕ್ಯುಸೆಕ್ ದಾಟಿ ನೀರು ಬಿಟ್ಟಾಗ ದೇವದುರ್ಗದ ಹಿರೇರಾಯಕುಂಪಿ ಬಳಿ ಸೇತುವೆ ಕಾಣದಾಯಿತು. 12 ವರ್ಷದ ಹುಡುಗನೊಬ್ಬ ಆಂಬ್ಯುಲೆನ್ಸ್ ಮುಂದೆ ನೀರಲ್ಲಿ ಓಡಿ ದಾರಿ ತೋರಿಸಿದ. ಶೌರ್ಯ ಪ್ರಶಸ್ತಿ ಕೊಟ್ಟು ಚಪ್ಪಾಳೆ ತಟ್ಟಿದೆವು. ಸೇತುವೆ ಎತ್ತರಿಸುವುದಕ್ಕಿಂತ ಹುಡುಗನ ಕೊರಳಿಗೆ ಹಾರ ಹಾಕುವುದು ಅಗ್ಗ. ದಾರಿ ತೋರಿಸುವ ಕೆಲಸ ಲೋಕೋಪಯೋಗಿ ಇಲಾಖೆಯದೋ ಹುಡುಗರದೋ ಎಂದು ಯಾರೂ ಕೇಳಲಿಲ್ಲ.

ಆದರೂ ಮಾದರಿ ರಕ್ಷಣಾ ಕಾರ್ಯ ನಡೆದದ್ದು ನಮ್ಮ ಸುರಪುರ ಸೀಮೆಯಲ್ಲೇ. 2014ರಲ್ಲಿ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ತುಂಬು ಗರ್ಭಿಣಿಯೊಬ್ಬಳು ಒಣ ಸೋರೆಕಾಯಿ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ, ತುಂಬಿದ ಕೃಷ್ಣೆಯನ್ನು ಈಜಿ ಹೆರಿಗೆಗೆಂದು ದಡ ಸೇರಿದಳು. ಬೋಟಿಲ್ಲ, ಡೀಸೆಲ್ಲಿಲ್ಲ, ಜಂಟಿ ಸಭೆಯಿಲ್ಲ, ವ್ಯಾಪ್ತಿಯ ತಕರಾರಿಲ್ಲ. ವಿಪತ್ತು ನಿರ್ವಹಣೆಗೆ ಬೋಟುಗಳ ಬದಲು ಸೋರೆಬೀಜವನ್ನೇ ಹಂಚಬಹುದಿತ್ತು. ತೊಡಕು ಒಂದೇ, ಸೋರೆಕಾಯಿಯಲ್ಲಿ ಕಮಿಷನ್ ಗಿಟ್ಟುವುದಿಲ್ಲ.